ಅಮೃತಬಳ್ಳಿ ಕೊಡುವ ಮೊದಲು

ನಮ್ಮ ಕೊಟ್ಟಿಗೆಯ ಹಿಂದೆ ಒಂದು ಕಾಟುಮಾವಿನ ಮರ. ಅದಕ್ಕೆ ಹಬ್ಬಿದ ಅಮೃತಬಳ್ಳಿಗೆ ಇಪ್ಪತ್ತು ವರ್ಷ ಮಿಕ್ಕಿತು. ಅಪ್ಪ ನೆಟ್ಟದ್ದು. ನೆಟ್ಟದ್ದು ಎನ್ನುವುದೂ ದೊಡ್ಡ ಮಾತೇ. ಎಲ್ಲಿಂದಲೋ ತಂದ ಗೇಣುದ್ದದ ತುಂಡನ್ನು ಮರದ ಬುಡದಲ್ಲಿ ಊರಿ ಮರೆತುಬಿಟ್ಟದ್ದು. ಗೊಬ್ಬರ ಹಾಕಿದವರಿಲ್ಲ, ಬೇಸಿಗೆಯಲ್ಲಿ ನೀರು ಹೊಯ್ದವರಿಲ್ಲ. ಈಗ ಬುಡದಲ್ಲಿ ಬಳ್ಳಿ ಎರಡು ಬೆರಳು ಸೇರಿಸಿದಷ್ಟು ದಪ್ಪ. ಮೇಲಿನ ಗೆಲ್ಲುಗಳಿಂದ ನೂಲಿನಂಥ ಬೇರುಗಳು ನೇರ ನೆಲಕ್ಕೆ ಇಳಿಯುತ್ತವೆ. ಒಮ್ಮೆ ಕೆಲಸದವರು ಗೊತ್ತಿಲ್ಲದೆ ಬುಡ ಕಡಿದು ಹಾಕಿದರು. ಬಳ್ಳಿ ಸಾಯಲಿಲ್ಲ. ಮೇಲಿನಿಂದಲೇ ಹೊಸ ಬೇರು ಬಿಟ್ಟು ಮಣ್ಣು ಹುಡುಕಿಕೊಂಡಿತು. ಸಂಸ್ಕೃತದಲ್ಲಿ ಇದಕ್ಕೆ 'ಛಿನ್ನರುಹಾ' ಎಂಬ ಹೆಸರಿದೆ. ಕಡಿದರೂ ಚಿಗುರುವುದು ಎಂದರ್ಥ. ಹೆಸರಿಟ್ಟವರು ಬಳ್ಳಿ ನೋಡಿಯೇ ಇಟ್ಟಿದ್ದಾರೆ.

ಮನೆಯಲ್ಲಿ ಜ್ವರ ಬಂದರೆ ಒಂದು ತುಂಡು ಜಜ್ಜಿ ಕಷಾಯ. ಕರು ಮಂಕಾಗಿ ಮಲಗಿದರೂ ಇದೇ. ಕಾಮಾಲೆಗೂ ಇದೇ ಮದ್ದು ಎಂದು ಅಜ್ಜಿ ಹೇಳುತ್ತಿದ್ದರು. ಕಹಿ ಎಂದರೆ ಎಂಥ ಕಹಿ! ಮೂರು ದಿನ ಕುಡಿಯುವಾಗ ಸಾಕೋ ಸಾಕು. ನಾಲ್ಕನೆಯ ದಿನ ಲೋಟ ಹಿಡಿದು ಬಂದರೆ ನಾವು ಮಕ್ಕಳು ತೋಟಕ್ಕೆ ಓಡುತ್ತಿದ್ದೆವು. ಆ ಕಹಿಯೇ ಒಂದು ಅಳತೆಗೋಲಾಗಿತ್ತೋ ಏನೋ ಎಂದು ಈಗ ಅನಿಸುತ್ತದೆ.

ಈ ಬರಹ ಬಳ್ಳಿಯ ಗುಣಗಾನಕ್ಕಲ್ಲ. ಅದನ್ನು ನಾನು ಬೇಕಾದಷ್ಟು ಮಾಡಿ ಆಗಿದೆ. ಮಾಡಿದ್ದರಿಂದ ಏನಾಯಿತು ಎಂದು ಹೇಳಲಿಕ್ಕೆ ಬರೆಯುತ್ತಿದ್ದೇನೆ.

ಕೊರೋನಾ ವರ್ಷದ ಬೇಡಿಕೆ

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಅಡಿಕೆ ವ್ಯಾಪಾರ ನಿಂತಿತು, ಪೇಟೆ ನಿಂತಿತು. ಮೊಬೈಲಿನಲ್ಲಿ ಬರುವ ಸಂದೇಶ ಮಾತ್ರ ನಿಲ್ಲಲಿಲ್ಲ. ದಿನಕ್ಕೆ ಹತ್ತು ಸಂದೇಶ ಬಂದರೆ ನಾಲ್ಕರಲ್ಲಿ 'ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ' ಎಂಬ ಉಪದೇಶ. ಪಟ್ಟಿಯಲ್ಲಿ ಮೊದಲ ಹೆಸರು ಅಮೃತಬಳ್ಳಿಯದ್ದೇ. ಉತ್ತರದವರು ಗಿಲೋಯ್ ಎನ್ನುವುದು ಇದನ್ನೇ.

ನನ್ನ ಬಳ್ಳಿಗೆ ಗಿರಾಕಿಗಳು ಬರತೊಡಗಿದರು. ಮೊದಲು ನೆರೆಕರೆಯವರು, ಆಮೇಲೆ ನೆಂಟರು, ಆಮೇಲೆ ನೆಂಟರ ನೆಂಟರು. ಒಬ್ಬರಿಂದಲೂ ಹಣ ತೆಗೆದುಕೊಂಡಿಲ್ಲ. ಪೆನ್ಸಿಲ್ ದಪ್ಪದ ಬಳ್ಳಿಯನ್ನು ಎರಡು-ಮೂರು ಗೆಣ್ಣು ಬರುವಂತೆ ತುಂಡರಿಸಿ, ತಲೆ ಯಾವುದು ಬುಡ ಯಾವುದು ಎಂದು ಗುರುತು ಮಾಡಿ, ಬಾಳೆನಾರಿನಲ್ಲಿ ಕಟ್ಟಿ ಗೇಟಿನಲ್ಲಿ ಇಡುತ್ತಿದ್ದೆ. "ಒಂದು ನೆಡಿ, ಉಳಿದದ್ದು ಕಷಾಯಕ್ಕೆ. ದಿನಾ ಬೆಳಿಗ್ಗೆ ಕುಡಿದರೆ ಯಾವ ಕಾಯಿಲೆಯೂ ಹತ್ತಿರ ಬಾರದು" ಎಂದು ಹೇಳುತ್ತಿದ್ದೆ. ನೋಡಿ, ಈ 'ದಿನಾ' ಎಂಬ ಮಾತು ಅಜ್ಜಿಯದ್ದಲ್ಲ. ಅದು ಮೊಬೈಲಿನಿಂದ ನನ್ನ ಬಾಯಿಗೆ ಬಂದದ್ದು.

ಯಾರಿಗೆ ಕೊಟ್ಟೆ ಎಂದು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ಬರೆದದ್ದು ಹೆಮ್ಮೆಗೆ. 60 ಹೆಸರು ದಾಟಿತು. ಅದರಲ್ಲಿ ಅಕ್ಕನದ್ದೂ ಒಂದು.

ಅಕ್ಕನ ಕಾಮಾಲೆ

ಅಕ್ಕನಿಗೆ ಆಗ 57. ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಅದು ಬಿಟ್ಟರೆ ಗಟ್ಟಿ ಆಳು. ನಾನು ಕೊಟ್ಟ ತುಂಡನ್ನು ಅವಳು ಮನೆಯ ನುಗ್ಗೆಮರಕ್ಕೆ ಹಬ್ಬಿಸಿದಳು. ಅದು ದಪ್ಪವಾಗುವ ತನಕ ನಮ್ಮಲ್ಲಿಂದಲೇ ಹದಿನೈದು ದಿನಕ್ಕೊಮ್ಮೆ ಕಟ್ಟು ಹೋಗುತ್ತಿತ್ತು. ಹೇಳಿದ್ದನ್ನು ಶ್ರದ್ಧೆಯಿಂದ ಮಾಡುವವಳು. ಬೆಳಿಗ್ಗೆ ಒಂದು ಲೋಟ, ತಪ್ಪದೆ. ಕಹಿ ತಿಳಿಯದಿರಲಿಕ್ಕೆ ಬೆಲ್ಲ, ಕರಿಮೆಣಸು, ಶುಂಠಿ. ಎರಡು ತಿಂಗಳ ಮೇಲೆ ಆಯಿತು.

2020ರ ಡಿಸೆಂಬರಿನಲ್ಲಿ ಭಾವನ ಫೋನ್. "ನಿನ್ನ ಅಕ್ಕನಿಗೆ ಊಟ ಸೇರುವುದಿಲ್ಲ ಮಾರಾಯ. ಕಣ್ಣು ಹಳದಿ ಕಾಣ್ತದೆ." ನಾನು ಕೊಟ್ಟ ಸಲಹೆ ಏನು ಗೊತ್ತೇ? "ಕಾಮಾಲೆ ಇರಬೇಕು ಭಾವ, ಅಮೃತಬಳ್ಳಿ ಎರಡು ಹೊತ್ತು ಕೊಡಿ."

ಆ ಎರಡು ಹೊತ್ತಿನ ಕಷಾಯ ಐದು ದಿನ ನಡೆಯಿತು. ಆರನೆಯ ದಿನ ಮಂಗಳೂರಿಗೆ ಆಸ್ಪತ್ರೆಗೆ ಸೇರಿಸಿದೆವು.

ಲಿವರಿನ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಎಂದೊಂದು ಅಂಶ. 40ರ ಆಸುಪಾಸು ಇರಬೇಕಾದದ್ದು ಸಾವಿರ ದಾಟಿತ್ತು. ಕಾಮಾಲೆ ತರುವ ವೈರಸ್‌ಗಳ ಪರೀಕ್ಷೆ ಮಾಡಿದರು, ಒಂದೂ ಇಲ್ಲ. ಕಲ್ಲು ಇಲ್ಲ. ಕುಡಿತದ ಮಾತೇ ಇಲ್ಲ. ಚಿಕ್ಕ ಪ್ರಾಯದ ಡಾಕ್ಟರು ಹಾಸಿಗೆಯ ಪಕ್ಕ ಕುಳಿತು, "ಅಮ್ಮಾ, ಬೇರೆ ಏನಾದರೂ ಮದ್ದು ತೆಗೊಳ್ತಾ ಇದ್ದೀರಾ?" ಎಂದು ಕೇಳಿದರು. ಅಕ್ಕ "ಇಲ್ಲ" ಎಂದಳು. ಅವಳು ಸುಳ್ಳು ಹೇಳಿದ್ದಲ್ಲ. ಅವಳ ಲೆಕ್ಕದಲ್ಲಿ ಕಷಾಯ ಮದ್ದಲ್ಲ, ಅದು ಅಡುಗೆಮನೆಯ ವಸ್ತು. ಮೂರನೆಯ ದಿನ ಡಾಕ್ಟರು ಪ್ರಶ್ನೆ ಬದಲಿಸಿದರು. "ಕಷಾಯ ಕುಡೀತೀರಾ?"

"ಅದು ದಿನಾ ಕುಡೀತೇನಲ್ಲ. ತಮ್ಮ ಕೊಟ್ಟದ್ದು, ಅಮೃತಬಳ್ಳಿ."

ತಮ್ಮ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ.

ಆಮೇಲೆ ಲಿವರಿನ ಸಣ್ಣ ಚೂರು ತೆಗೆದು ಪರೀಕ್ಷೆ ಆಯಿತು. ದೇಹವನ್ನು ಕಾಯುವ ಕಣಗಳೇ ಲಿವರಿಗೆ ನುಗ್ಗಿ ಅದನ್ನು ಕೆಡಿಸುತ್ತಿದ್ದವು. ಖಂಡಿತ ಬಳ್ಳಿಯಿಂದಲೇ ಎಂದು ಡಾಕ್ಟರು ಬರೆದು ಕೊಡಲಿಲ್ಲ. ಬಲವಾದ ಸಂಶಯ ಉಂಟು ಎಂದರು. ಕಷಾಯ ನಿಲ್ಲಿಸಿದರು, ಸ್ಟಿರಾಯ್ಡ್ ಮಾತ್ರೆ ಸುರು ಮಾಡಿದರು. ಅದು ಎಂತ ಮಾಡುವ ಮಾತ್ರೆ ಎಂದು ಕೇಳಿದೆ. "ಇಮ್ಯುನಿಟಿ ಕಡಿಮೆ ಮಾಡ್ಲಿಕ್ಕೆ" ಎಂದರು. ಊರಿಡೀ ಅದನ್ನು ಹೆಚ್ಚಿಸಲು ಹೊರಟಿದ್ದ ವರ್ಷ ಅದು. ನಮ್ಮ ಅಕ್ಕ ಅದನ್ನು ಇಳಿಸಲು ಮಾತ್ರೆ ನುಂಗುತ್ತಿದ್ದಳು.

ಬಳ್ಳಿಯೊಳಗೆ ಎಂತ ಉಂಟು?

ಅಕ್ಕನ ಮಗ ಫಾರ್ಮಸಿ ಓದಿದವ. ತಾಯಿಯ ಚಾಕರಿಗೆಂದು ಬಂದವ ರಾತ್ರಿ ಎಲ್ಲ ಮೊಬೈಲಿನಲ್ಲಿ ಸಂಶೋಧನಾ ಲೇಖನ ಹುಡುಕಿ ಓದುತ್ತಿದ್ದ. ನನ್ನನ್ನು ಬೈಯುತ್ತಾನೆ ಎಂದು ಕಾದಿದ್ದೆ. ಬೈಯಲಿಲ್ಲ. "ಮಾವ, ನೀವು ಹೇಳಿದ್ದು ಸುಳ್ಳಲ್ಲ. ಪೂರ್ತಿ ಅಲ್ಲ, ಅಷ್ಟೆ" ಎಂದ. ಮುಂದಿನದ್ದೆಲ್ಲ ಅವನು ಬಿಡಿಸಿ ಹೇಳಿದ್ದು. ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ.

ಅಮೃತಬಳ್ಳಿ ಒಂದು ಮದ್ದಲ್ಲ, ಹತ್ತಾರು ರಾಸಾಯನಿಕಗಳ ಮೂಟೆ. ಕಹಿ ಕೊಡುವ ವಸ್ತುಗಳು ಬೇರೆ. ಮರದರಸಿನದಲ್ಲಿ ಇರುವ ಬರ್ಬೆರಿನ್ ಇದರಲ್ಲೂ ಇದೆ. ಅದರ ಜೊತೆ ಮ್ಯಾಗ್ನೊಫ್ಲೋರಿನ್, ಪಾಲ್ಮಟಿನ್. ಕಾರ್ಡಿಫೋಲಿಯೊಸೈಡ್, ಸಿರಿಂಜಿನ್ ಎಂಬವು ಇನ್ನೊಂದು ಪಂಗಡ. ಇವೆಲ್ಲವುಗಳಿಂದ ಬೇರೆಯಾಗಿ ಸಕ್ಕರೆಯ ಉದ್ದುದ್ದ ಸರಪಣಿಗಳು. ಇವು ಸಿಹಿಯಲ್ಲ, ಅಂಟಿನ ಜಾತಿ. ಬಳ್ಳಿ ಜಜ್ಜಿದಾಗ ಕೈಗೆ ಲೋಳೆ ಲೋಳೆ ಆಗುತ್ತದಲ್ಲ, ಆ ಬಗೆಯದ್ದು.

1997ರಲ್ಲಿ ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ಇಬ್ಬರು ವಿಜ್ಞಾನಿಗಳು ಬಳ್ಳಿಯಿಂದ ಬೇರ್ಪಡಿಸಿದ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸಿ ಪ್ರಕಟಿಸಿದರು. ಕಾರ್ಡಿಫೋಲಿಯೊಸೈಡ್ ಮತ್ತದರ ಜೊತೆಯವು ಮ್ಯಾಕ್ರೋಫೇಜ್ ಎಂಬ ಕಣಗಳನ್ನು ಚುರುಕು ಮಾಡಿದವು. ಮ್ಯಾಕ್ರೋಫೇಜ್ ಎಂದರೆ ಮೈಯೊಳಗೆ ಬಂದ ರೋಗಾಣುಗಳನ್ನು ಹುಡುಕಿ ನುಂಗುವ ಕಣ. ಅದೇ ಪ್ರಯೋಗದಲ್ಲಿ ಸಿರಿಂಜಿನ್ ಮತ್ತು ಕಾರ್ಡಿಯಾಲ್, ರಕ್ಷಣೆಯ ಮತ್ತೊಂದು ವ್ಯವಸ್ಥೆಯಾದ ಕಾಂಪ್ಲಿಮೆಂಟ್ ಎಂಬುದನ್ನು ತಡೆದವು. ಅಂದರೆ ಒಂದೇ ಬಳ್ಳಿ ಒಂದು ಕಡೆ ಎಬ್ಬಿಸುತ್ತದೆ, ಇನ್ನೊಂದು ಕಡೆ ಮಲಗಿಸುತ್ತದೆ. 'ಶಕ್ತಿ ಹೆಚ್ಚಿಸುತ್ತದೆ' ಎಂಬ ನಮ್ಮ ಒಂದೇ ಮಾತಿನಲ್ಲಿ ಇದು ಹಿಡಿಸುವುದಿಲ್ಲ.

1999ರಲ್ಲಿ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಆ ಅಂಟಿನ ಸರಪಣಿಗಳಲ್ಲಿ ಒಂದನ್ನು ಬೇರೆ ಮಾಡಿದರು. ಜಿ1-4ಎ ಎಂದು ಹೆಸರಿಟ್ಟರು. ಅದರ ಕೆಲಸದ ಕ್ರಮ ಕೇಳಿ ನನಗೆ ಆಶ್ಚರ್ಯವಾಯಿತು. ಕೆಲವು ಜಾತಿಯ ಬ್ಯಾಕ್ಟೀರಿಯಾಗಳ ಹೊರಕವಚವನ್ನು ಮುಟ್ಟಿ ಗುರುತಿಸಲು ನಮ್ಮ ರಕ್ಷಕ ಕಣಗಳ ಮೈಮೇಲೆ ಒಂದು ಕೊಂಡಿ ಇದೆಯಂತೆ. ಈ ಸರಪಣಿ ಹೋಗಿ ಅದೇ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ರೋಗಾಣು ಬಂತು ಎಂದು ತಿಳಿದು ಕಣಗಳು ಎದ್ದು ನಿಲ್ಲುತ್ತವೆ. ಬಂದದ್ದು ರೋಗಾಣು ಅಲ್ಲ, ಬಳ್ಳಿಯ ಅಂಟು.

ನನಗೆ ತೋಚಿದ್ದು ನಮ್ಮ ನಾಯಿಯ ಕಥೆ. ಹಂದಿ ಬರುವ ಕಾಲದಲ್ಲಿ ನಾಯಿ ತೂಕಡಿಸಿದರೆ ನಾವೇ 'ಛೂ' ಎಂದು ಎಬ್ಬಿಸುತ್ತೇವೆ. ಎಚ್ಚರವಿರುವ ನಾಯಿ ಹಂದಿ ಬಂದರೆ ಅಟ್ಟುತ್ತದೆ. ಒಳ್ಳೆಯದೇ. ಆದರೆ ಕೆಲವು ನಾಯಿ ಇರುತ್ತವೆ, ಮನೆಯವರನ್ನೂ ನಂಬುವುದಿಲ್ಲ. ಕಟ್ಟಿ ಹಾಕಿದ್ದರಿಂದ ಮಾತ್ರ ಎಲ್ಲರ ಕಾಲು ಉಳಿದಿರುತ್ತದೆ. ಅಂಥದ್ದಕ್ಕೆ ದಿನಾ ಬೆಳಿಗ್ಗೆ 'ಛೂ' ಎಂದರೆ?

ಅಕ್ಕನ ಥೈರಾಯ್ಡ್ ಅಂಥದ್ದೇ ಕಾಯಿಲೆಯಂತೆ. ಅವಳ ರಕ್ಷಕ ಕಣಗಳೇ ಥೈರಾಯ್ಡ್ ಗ್ರಂಥಿಯನ್ನು ಪರಕೀಯ ಎಂದು ತಿಳಿದು ಹಾಳು ಮಾಡಿದ್ದು. ಹತ್ತು ವರ್ಷ ಮಾತ್ರೆ ನುಂಗಿದ ಅವಳಿಗೂ ಇದು ಗೊತ್ತಿರಲಿಲ್ಲ, ನಮಗೂ ಇಲ್ಲ. ನಮ್ಮ ಪಾಲಿಗೆ ಅದು ಬರೇ 'ಥೈರಾಯ್ಡ್'.

ಕಾಮಾಲೆಗೆ ಮದ್ದೂ ಹೌದು

ಹಾಗಾದರೆ ಅಜ್ಜಿ ಹೇಳಿದ್ದು ತಪ್ಪೇ? ಅಳಿಯ ಹುಡುಕಿದ ಲೇಖನಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1993ರದ್ದು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಶರದಿನಿ ಡಹಾಣೂಕರ್ ಅವರ ತಂಡ ಮಾಡಿದ ಕೆಲಸ. ಅಲ್ಲೋಪತಿ ಆಸ್ಪತ್ರೆಯೊಳಗೇ ಆಯುರ್ವೇದದ ಗಿಡಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರು ಅವರು.

ಪಿತ್ತನಾಳ ಕಟ್ಟಿ ಕಾಮಾಲೆ ಬಂದ 30 ಮಂದಿ. ಇಂಥವರಲ್ಲಿ ಬಿಳಿ ರಕ್ತಕಣಗಳು ಸೋತು ಹೋಗಿರುತ್ತವೆ. ರೋಗಾಣುಗಳನ್ನು ನುಂಗುವ, ಕೊಲ್ಲುವ ತ್ರಾಣ ಇರುವುದಿಲ್ಲ. ಆಪರೇಷನ್ ಆದ ಮೇಲೆ ನಂಜು ಏರಿ ಸಾಯುವ ಅಪಾಯ ಹೆಚ್ಚು. ರೋಗಿಗಳನ್ನು ಎರಡು ಗುಂಪು ಮಾಡಿದರು. ಎರಡಕ್ಕೂ ಮಾಮೂಲು ಚಿಕಿತ್ಸೆ, ಒಂದಕ್ಕೆ ಅದರ ಮೇಲೆ ಅಮೃತಬಳ್ಳಿಯ ಸತ್ವ. ಪ್ರಮಾಣ, ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 16 ಮಿಲಿಗ್ರಾಂ. 60 ಕಿಲೋ ತೂಗುವವನಿಗೆ ಒಂದು ಗ್ರಾಮಿಗೆ ತುಸು ಕಡಿಮೆ. ಬಳ್ಳಿ ಕೊಡದ ಗುಂಪಿನ ಅರ್ಧದಷ್ಟು ಜನಕ್ಕೆ ನಂಜು ಏರಿತು. ಕೊಟ್ಟ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಆಪರೇಷನ್ ಬಳಿಕ ಬದುಕಿ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 40, ಬಳ್ಳಿ ಕುಡಿದವರಲ್ಲಿ ನೂರಕ್ಕೆ 92.4.

ಸಣ್ಣ ಪ್ರಯೋಗ, 30 ಮಂದಿ ಅಷ್ಟೆ. ಆದರೂ ಸಾಮಾನ್ಯ ಫಲಿತಾಂಶವಲ್ಲ. ಇಲ್ಲಿ ಒಂದು ಸಂಗತಿ ನೋಡಬೇಕು. ಬಳ್ಳಿ ಕೊಟ್ಟವರ ಲಿವರು ಉಳಿದವರದ್ದಕ್ಕಿಂತ ಬೇಗ ಸರಿಯಾದದ್ದಲ್ಲ. ಲಿವರಿನ ಕೆಲಸ ಎರಡೂ ಗುಂಪಿನಲ್ಲಿ ಒಂದೇ ರೀತಿ ಇತ್ತು. ಸರಿಯಾದದ್ದು ಬಿಳಿ ರಕ್ತಕಣಗಳ ಕೆಲಸ. ಸೋತ ನಾಯಿ ಎದ್ದು ನಿಂತಿತು.

ಅದೇ ಬಳ್ಳಿ, ಅದೇ ಕಾಮಾಲೆ ಎಂಬ ಹೆಸರು. ಅಲ್ಲಿ ಸೋತು ಮಲಗಿದ ನಾಯಿ, ಅಕ್ಕನಲ್ಲಿ ಕಚ್ಚುವ ನಾಯಿ. ಅಜ್ಜಿಗೂ ಇದು ಗೊತ್ತಿದ್ದಿರಲಾರದು. ಕಣ್ಣು ಹಳದಿಯಾದದ್ದು ಮಾತ್ರ ಅವರಿಗೆ ಕಾಣುತ್ತಿದ್ದುದು. ಹಳದಿ ಎಲೆ ಕಂಡ ಕೂಡಲೇ ಯೂರಿಯ ಹಾಕುವ ನಮ್ಮ ಅಭ್ಯಾಸವೂ ಇದೇ ತಾನೆ? ಬೇರುಹುಳವೋ, ನೀರು ನಿಂತದ್ದೋ, ಹಳದಿ ರೋಗವೋ ಎಂದು ಯಾರು ಅಗೆದು ನೋಡುತ್ತಾರೆ!

ಅಲರ್ಜಿ ನೆಗಡಿಗೆ 2005ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವೂ ಇದೆ. 75 ಮಂದಿ, ಎಂಟು ವಾರ. ಬಳ್ಳಿಯ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 83 ಮಂದಿಗೆ ಸೀನು ಪೂರ್ತಿ ನಿಂತಿತು ಎಂದಿದೆ. ಬಳ್ಳಿಯಲ್ಲಿ ಹುರುಳಿಲ್ಲ ಎಂದು ಹೇಳುವವರಿಗೆ ಇದನ್ನು ತೋರಿಸಬಹುದು. ಹುರುಳಿರುವುದೇ ತೊಂದರೆ. ಹುರುಳಿಲ್ಲದ ವಸ್ತುವಾಗಿದ್ದರೆ ಅಕ್ಕ ಎಷ್ಟು ಕುಡಿದರೂ ಏನೂ ಆಗುತ್ತಿರಲಿಲ್ಲ.

ಬೇರೆ ಬಳ್ಳಿಯಾಗಿರಲಿ ಎಂದು ಆಸೆಪಟ್ಟೆ

ಅಕ್ಕ ಒಬ್ಬಳೇ ಅಲ್ಲ ಎಂದು ಮುಂದಿನ ವರ್ಷ ತಿಳಿಯಿತು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನ ಒಳಗೆ ಮುಂಬಯಿಯಲ್ಲಿ ಇಂಥದ್ದೇ ಆರು ಮಂದಿ ಸಿಕ್ಕಿದ್ದರು. 2021ರಲ್ಲಿ ವೈದ್ಯರು ಅದನ್ನು ಪ್ರಕಟಿಸಿದರು. ಕೆಲವರು ಬಳ್ಳಿಯನ್ನು ಮನೆಯಲ್ಲೇ ಕುದಿಸಿ ಕುಡಿದವರು. 2022ರಲ್ಲಿ ದೇಶದ 13 ಆಸ್ಪತ್ರೆ ಕೇಂದ್ರಗಳ ಲೆಕ್ಕ ಸೇರಿಸಿ 43 ರೋಗಿಗಳ ವರದಿ ಬಂತು. ಕುಡಿಯಲು ಸುರುಮಾಡಿದ 46 ದಿನಗಳ ಒಳಗೆ ಅರ್ಧದಷ್ಟು ಮಂದಿಯಲ್ಲಿ ಲಕ್ಷಣ ಕಂಡಿತ್ತು. ಲಿವರಿನ ಚೂರು ಪರೀಕ್ಷಿಸಿದವರಲ್ಲಿ ಹೆಚ್ಚಾಗಿ ಕಂಡದ್ದು ಅಕ್ಕನಲ್ಲಿ ಕಂಡದ್ದೇ, ಸ್ವಂತ ಕಣಗಳ ದಾಳಿ.

ಆಯುಷ್ ಮಂತ್ರಾಲಯ 2021ರ ಜುಲೈಯಲ್ಲಿ ಮುಂಬಯಿ ವರದಿಯನ್ನು ಒಪ್ಪಲಿಲ್ಲ. ಬಳ್ಳಿಯ ಗುರುತನ್ನು ಸರಿಯಾಗಿ ಮಾಡದೆ ಅಮೃತಬಳ್ಳಿಯ ಮೇಲೆ ಅಪವಾದ ಹೊರಿಸಲಾಗಿದೆ ಎಂಬುದು ಅದರ ಆಕ್ಷೇಪ. 2022ರ ಫೆಬ್ರವರಿಯಲ್ಲಿ ಇನ್ನೊಂದು ಸೂಚನೆ ಬಂತು. ಮದ್ದಿಗೆ ಬಳಸಬೇಕಾದದ್ದು ಟಿನೋಸ್ಪೋರಾ ಕಾರ್ಡಿಫೋಲಿಯಾ ಮಾತ್ರ, ಅದರ ಹಾಗೆ ಕಾಣುವ ಟಿನೋಸ್ಪೋರಾ ಕ್ರಿಸ್ಪಾ ತೊಂದರೆ ಕೊಡಬಹುದು ಎಂದು.

ಇದನ್ನು ಓದಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ನಮ್ಮದು ಬೇರೆ ಬಳ್ಳಿಯೇ ಆಗಿರಲಿ ಎಂದು ಹಾರೈಸಿದೆ. ಅಪ್ಪ ಎಲ್ಲಿಂದ ತಂದರೋ, ಯಾರಿಗೆ ಗೊತ್ತು? ಸಂಜೆಯಾಗಿತ್ತು. ಟಾರ್ಚು ಹಿಡಿದು ಮಾವಿನಮರದ ಬುಡಕ್ಕೆ ಹೋದೆ.

ನೋಡುವ ಕ್ರಮ ಓದುಗರಿಗೂ ಬೇಕಾದೀತು. ಅಮೃತಬಳ್ಳಿಯ ಕಾಂಡದ ಹೊರಸಿಪ್ಪೆ ಕಾಗದದ ಹಾಗೆ ತೆಳ್ಳಗೆ ಏಳುತ್ತದೆ, ಉಗುರಿನಿಂದ ಗೀರಿದರೆ ಒಳಗೆ ಹಸಿರು. ಅಡ್ಡ ಕೊಯ್ದರೆ ಗಾಡಿಚಕ್ರದ ಕಡ್ಡಿಗಳ ಹಾಗೆ ಗೆರೆ. ಎಲೆ ಹೃದಯದ ಆಕಾರ, ಎರಡು ಬದಿಯೂ ನುಣುಪು. ಹಾಲಿನಂಥ ಸೊನೆ ಇಲ್ಲ. ಹಣ್ಣು ಗೊಂಚಲು ಗೊಂಚಲು, ಉರುಟು, ಕೆಂಪು. ಆದರೆ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ, ಗಂಡಾದರೆ ಹಣ್ಣು ನೋಡಲಿಕ್ಕೆ ಸಿಗದು. ಕ್ರಿಸ್ಪಾದ ಕಾಂಡ ಬೂದು ಬಣ್ಣ, ಮೈ ತುಂಬ ದೊಡ್ಡ ದೊಡ್ಡ ಗಂಟು, ಹಾಗಲಕಾಯಿ ಮುಟ್ಟಿದಂತೆ. ಗಾಯ ಮಾಡಿದರೆ ಹಾಲಿನಂಥ ಸೊನೆ. ಹಣ್ಣು ಉದ್ದುರುಟು, ಕಿತ್ತಳೆ ಬಣ್ಣ. ಇಲ್ಲಿ ಒಂದು ಎಚ್ಚರ. ನಮ್ಮ ಅಮೃತಬಳ್ಳಿಯೂ ಹಳತಾದಾಗ ಮೈಮೇಲೆ ಸಣ್ಣ ಬಿಳಿ ಬೊಕ್ಕೆ ಬರುತ್ತದೆ, ಅದನ್ನು ನೋಡಿ ಹೆದರಬೇಡಿ. ಇವೆರಡಲ್ಲದೆ ಗುಡ್ಡೆಯ ಬದಿ ಇನ್ನೊಂದು ಜಾತಿ ಉಂಟು, ಎಲೆ ದೊಡ್ಡದು, ಅಡಿಭಾಗ ಮುಟ್ಟಿದರೆ ಮೆತ್ತನೆ ರೋಮ. ಕಾಡಿನಿಂದ ತಂದು ಮಾರುವವರ ಕಟ್ಟಿನಲ್ಲಿ ಇದು ಸೇರಿರುವುದುಂಟು.

ನಮ್ಮದರ ಸಿಪ್ಪೆ ಕಾಗದದ ಹಾಗೆ ಎದ್ದು ಬಂತು. ಒಳಗೆ ಹಸಿರು. ಸೊನೆ ಇಲ್ಲ. ಎಲೆ ನುಣುಪು. ಮರುದಿನ ಹಗಲಿನಲ್ಲಿ ಮತ್ತೊಮ್ಮೆ ನೋಡಿದೆ, ಗಿಡಮೂಲಿಕೆ ಬಲ್ಲ ಹಿರಿಯ ಪಂಡಿತರೊಬ್ಬರಿಗೂ ತೋರಿಸಿದೆ. ಅಸಲಿ ಅಮೃತಬಳ್ಳಿ. ನೆಪ ಹೋಯಿತು.

ಪಂಡಿತರೊಡನೆ ಅಕ್ಕನ ವಿಷಯ ಹೇಳಿದೆ. ಅವರು ಬಳ್ಳಿಯನ್ನು ಬಿಟ್ಟುಕೊಡಲಿಲ್ಲ. "ರಸಾಯನ ಅಂತ ದಿನಾ ಕೊಡುವ ಕ್ರಮ ನಮ್ಮಲ್ಲೂ ಉಂಟು. ಆದರೆ ಆಳು ನೋಡಿ, ಜೀರ್ಣ ನೋಡಿ, ಕಾಲ ನೋಡಿ ಕೊಡುವುದು. ನೀವು ನೋಡಿದ್ದೀರಾ?" ಎಂದು ಕೇಳಿದರು. ನಾನು ನೋಡಿದ್ದು ಗೇಟಿನ ಹತ್ತಿರ ಎಷ್ಟು ಜನ ನಿಂತಿದ್ದಾರೆ ಎಂದು.

ಬೋರ್ಡೋ ಮಾಡುವಾಗಿನ ಬುದ್ಧಿ

ಅಡಿಕೆಗೆ ಮದ್ದು ಬಿಡುವ ನಾವು ಎಷ್ಟು ಲೆಕ್ಕ ನೋಡುತ್ತೇವೆ! ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಕಡಿಮೆಯಾದರೆ ಸಿಂಗಾರ ಸುಡುತ್ತದೆ ಎಂದು ಕತ್ತಿ ಅದ್ದಿ ನೋಡುತ್ತೇವೆ, ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ. ಮರಕ್ಕೆ ಇಷ್ಟು ಜಾಗ್ರತೆ. ಮನುಷ್ಯ ಕುಡಿಯುವ ಕಷಾಯಕ್ಕೆ 'ಒಂದು ತುಂಡು'. ಎಷ್ಟು ದಪ್ಪದ ತುಂಡು? ಎಷ್ಟು ನೀರಿಗೆ? ಎಷ್ಟು ಹೊತ್ತು ಕುದಿಸುವುದು? ಎಷ್ಟು ದಿನ? ಋತು ಬದಲಾದರೆ, ಗಂಡು-ಹೆಣ್ಣು ಬೇರೆಯಾದರೆ ಬಳ್ಳಿಯೊಳಗಿನ ರಾಸಾಯನಿಕಗಳ ಪ್ರಮಾಣವೂ ಬೇರೆಯಾಗುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ಮಾರ್ಚಿನ ಒಂದು ತುಂಡು, ಆಗಸ್ಟಿನ ಒಂದು ತುಂಡು ಸಮ ಅಲ್ಲ. ಕೆಇಎಂನವರು ತೂಕ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟದ್ದಕ್ಕೂ ನಾನು ಬಾಳೆನಾರಿನಲ್ಲಿ ಕಟ್ಟಿ ಕೊಟ್ಟದ್ದಕ್ಕೂ ಹೋಲಿಕೆ ಇಲ್ಲ.

ಅಕ್ಕ ಗುಣವಾದಳು. 2021ರ ಮೇ ಹೊತ್ತಿಗೆ ರಕ್ತಪರೀಕ್ಷೆ ಸರಿಯಾಗಿ ಬಂತು. ಸ್ಟಿರಾಯ್ಡನ್ನು ನಿಧಾನಕ್ಕೆ ಇಳಿಸಿ ನಿಲ್ಲಿಸಿದರು. ಈಗಲೂ ಆರು ತಿಂಗಳಿಗೊಮ್ಮೆ ಪರೀಕ್ಷೆ ಉಂಟು. ನುಗ್ಗೆಮರದ ಬಳ್ಳಿಯನ್ನು ಭಾವ ಬೇರು ಸಹಿತ ಕಿತ್ತು ಹಾಕಿದರು. ಅದು ಎರಡು ಸಲ ಮತ್ತೆ ಚಿಗುರಿತಂತೆ.

ನಮ್ಮ ಮಾವಿನಮರದ್ದನ್ನು ನಾನು ಕೀಳಲಿಲ್ಲ. ಜ್ವರ ಬಂದರೆ ನಾನು ಈಗಲೂ ಮೂರು ದಿನ ಕುಡಿಯುತ್ತೇನೆ, ಆಮೇಲೆ ಇಲ್ಲ. ಬಳ್ಳಿ ಕೇಳಿ ಬಂದವರಿಗೆ ಕೊಡುತ್ತೇನೆ, ಆದರೆ ಕೂರಿಸಿ ಕೇಳುತ್ತೇನೆ. ಥೈರಾಯ್ಡ್ ಉಂಟಾ? ಬೆಳಿಗ್ಗೆ ಎದ್ದಾಗ ಗಂಟುಗಳು ಬಿಗಿದು ಬಾತುಕೊಳ್ಳುವ ರುಮಟಾಯ್ಡ್ ವಾತ ಉಂಟಾ? ಸೋರಿಯಾಸಿಸ್? ಲಿವರಿನ ತೊಂದರೆ ಹಿಂದೆ ಬಂದದ್ದುಂಟಾ? ಕಿಡ್ನಿ ಕಸಿ ಮಾಡಿಸಿ ಇಮ್ಯುನಿಟಿ ಇಳಿಸುವ ಮಾತ್ರೆ ತಿನ್ನುವವರು ಮನೆಯಲ್ಲಿದ್ದಾರಾ? ಸಕ್ಕರೆ ಕಾಯಿಲೆಯ ಮಾತ್ರೆ ಉಂಟಾ? ರಕ್ತದ ಸಕ್ಕರೆ ಇಳಿಸುವ ಗುಣವೂ ಈ ಬಳ್ಳಿಗೆ ಇದೆಯೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ, ಮಾತ್ರೆಯ ಮೇಲೆ ಕಷಾಯವೂ ಸೇರಿದರೆ ಹೆಚ್ಚಾದೀತು. ಯಾವುದಕ್ಕಾದರೂ 'ಹೌದು' ಎಂದರೆ ಮೊದಲು ಡಾಕ್ಟರಲ್ಲಿ ಕೇಳಿ ಬನ್ನಿ ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. "ಒಂದು ತುಂಡು ಬಳ್ಳಿಗೆ ಇಷ್ಟು ವಿಚಾರಣೆಯಾ?" ಎಂದು ಒಬ್ಬರು ಎದ್ದೇ ಹೋದರು. ಇನ್ನೊಂದು ಮಾತು ಎಲ್ಲರಿಗೂ ಹೇಳುತ್ತೇನೆ. ಡಾಕ್ಟರು 'ಬೇರೆ ಮದ್ದು ಏನಾದರೂ?' ಎಂದು ಕೇಳಿದರೆ ಕಷಾಯ, ಲೇಹ್ಯ, ಪುಡಿ ಎಲ್ಲ ಹೇಳಿ. ಅಕ್ಕನ ಮೂರು ದಿನ ವ್ಯರ್ಥವಾದದ್ದು ಅದರಿಂದ.

ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಆಮೇಲೆ ಉಪಯೋಗಕ್ಕೆ ಬಂತು. ಒಂದೊಂದೇ ಹೆಸರಿಗೆ ಫೋನ್ ಮಾಡಿದೆ. ಹೆಚ್ಚಿನವರು ಹದಿನೈದು ದಿನ ಕುಡಿದು ಬಿಟ್ಟಿದ್ದರು. ಕಹಿಗೆ ನಮಸ್ಕಾರ. ಏಳೆಂಟು ಮನೆಯಲ್ಲಿ ಇನ್ನೂ ದಿನಾ ನಡೆಯುತ್ತಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಅವರಲ್ಲಿ ಒಬ್ಬರಿಗೆ ರುಮಟಾಯ್ಡ್ ವಾತ ಇತ್ತು. ರಕ್ತಪರೀಕ್ಷೆ ಮಾಡಿಸಿ ಎಂದು ಒತ್ತಾಯಿಸಿದೆ. ಲಿವರು ಸರಿ ಇತ್ತು, ಕಷಾಯ ನಿಲ್ಲಿಸಿದರು. ಬೇಕಾದರೆ ನಗಬಹುದು, ಆ ವರದಿ ಬರುವ ತನಕ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಎರಡು ಹೆಸರು ಬಾಕಿ. ಒಬ್ಬರು ಸುಳ್ಯದ ಕಡೆಯವರು, ಬೈಕಿನಲ್ಲಿ ಬಂದು ಮಗುವಿಗೂ ಕೊಡಬಹುದಾ ಎಂದು ಕೇಳಿದವರು. ಇನ್ನೊಬ್ಬರು ವಿಟ್ಲದ ಆಚೆಯವರು, ತಾಯಿಗೆಂದು ತೆಗೆದುಕೊಂಡು ಹೋದವರು. ಇಬ್ಬರ ಫೋನ್ ನಂಬರೂ ಬದಲಾಗಿದೆ. ಇಬ್ಬರೂ ಈ ಪತ್ರಿಕೆ ಓದುವವರು ಎಂದು ನೆನಪು. ಇದನ್ನು ಕಂಡರೆ ದಯವಿಟ್ಟು ನನಗೊಂದು ಫೋನ್ ಮಾಡಿ.